ಮೈಸೂರಿಗೆ ಬಂದ ಗೌಹರ್ ಜಾನ್

ನಿಮ್ಮ ಮನೆಯ ರೇಡಿಯೋದಲ್ಲಿ ಒಂದು ಹಾಡು ಮುಗಿಯಿತೆನ್ನಿ. ಅರೆಕ್ಷಣ ಮೌನ. ಅನಂತರ ನಿಲಯದ ಉದ್ಘೋಷಕರು ಹಾಡಿದವರಾರು, ಪಿಟೀಲು ಯಾರದು, ಮೃದಂಗ ಯಾರದು ಎಂಬುದನ್ನು ಅಚ್ಚುಕಟ್ಟಾಗಿ ತಿಳಿಸುತ್ತಾರೆ. ಆ ವೇಳೆಗೆ ನಮ್ಮಲ್ಲಿ ಅನೇಕರು ಒಲೆಯ ಮೇಲಿನ ಹಾಲಿಗೋ, ಬಾಗಿಲಿಗೆ ಬಂದವರಿಗೋ ಎದ್ದು ಹೋಗಿರುತ್ತೇವೆ. ಹಾಡು ಕಿವಿಗೆ ಬಿದ್ದರೆ ಸಾಕು, ಹೆಸರು ಬೀಳದಿದ್ದರೂ ನಡೆದೀತು ಎಂಬುದು ನಮ್ಮ ಸಾಮಾನ್ಯ ಭಾವನೆ. ಆದರೆ ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಸಾರಿ ಹೇಳಿದ ಗಾಯಕಿಯೊಬ್ಬರಿದ್ದರು. ಭಾರತದಲ್ಲಿ ಗ್ರಾಮಫೋನು ತಟ್ಟೆ ಹುಟ್ಟಿದ ಕಾಲದಲ್ಲಿ ದೇಶಕ್ಕೆಲ್ಲ ಪರಿಚಿತವಾದ ಹೆಸರು ಅದು. ಆಕೆಯ ಬಾಳಿನ ಕೊನೆಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ. ಆ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಮೊದಲು ನಮ್ಮ ಮನೆಯ ಮಾತೊಂದನ್ನು ಹೇಳಿಬಿಡುತ್ತೇನೆ. ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ನಮ್ಮ ತಾತನ ಮನೆ. ನಾನು ಹುಡುಗನಾಗಿದ್ದಾಗ, ಅಂದರೆ 1970ರ ದಶಕದ ಕೊನೆಯಲ್ಲಿ, ಅಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನೊಂದು ಇನ್ನೂ ಉಸಿರಾಡುತ್ತಿತ್ತು. ತಟ್ಟೆಗಳು ಏಳೋ ಎಂಟೋ. ಹೆಚ್ಚಿನವು ನಾಟಕದ ಹಾಡುಗಳು. ಗುಬ್ಬಿಯ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಟ್ಟೆ ಮಾತ್ರ ಬೇರೆ ಬಗೆಯದು. ಅದರ ನಡುವಣ ಕಾಗದ ಸವೆದು ಅಕ್ಷರವೆಲ್ಲ ಮಾಸಿಹೋಗಿತ್ತು. ಮುಳ್ಳು ಇಟ್ಟರೆ ಕರಕರ ಸದ್ದಿನ ನಡುವಿನಿಂದ ಹೆಣ್ಣು ದನಿಯೊಂದು ಏರಿ ಬರುತ್ತಿತ್ತು. ಭಾಷೆ ನಮಗೆ ತಿಳಿಯದು. ಹಾಡು ಮುಗಿಯುತ್ತಲೇ ಅದೇ ದನಿ ಸರಸರನೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಿಲ್ಲುತ್ತಿತ್ತು. "ಏನಜ್ಜಿ ಅದು?" ಎಂದು ಕೇಳಿದರೆ, "ಹೋಗಿ ಬರ್ತೀನಿ ಅಂತ ಹೇಳ್ತಾಳೆ ಕಣೋ ಮಗು, ಹಾಡಿದವಳು ಸುಮ್ಮನೆ ಎದ್ದು ಹೋಗ್ತಾಳೇನೋ?" ಎಂದು ಅಜ್ಜಿ ಉತ್ತರ ಕೊಡುತ್ತಿದ್ದಳು. ನಾನು ಬಹುಕಾಲ ಅದನ್ನೇ ನಂಬಿದ್ದೆ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಒಮ್ಮೆ ಕಿವಿಗೊಟ್ಟು ಕೇಳಿದೆ. ಆ ದನಿ ಹೇಳುತ್ತಿದ್ದದ್ದು ಇಷ್ಟೇ: ನನ್ನ ಹೆಸರು ಗೌಹರ್ ಜಾನ್.

ಈ ಹೆಸರು ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. 1873ರ ಜೂನ್ 26ರಂದು ಉತ್ತರ ಹಿಂದುಸ್ಥಾನದ ಆಜಮ್‌ಗಢದಲ್ಲಿ ಜನಿಸಿದ ಆ ಮಗುವಿಗೆ ಇಟ್ಟ ಹೆಸರು ಏಂಜೆಲಿನಾ ಯೋವರ್ಡ್. ತಂದೆ ಆರ್ಮೀನಿಯ ಮೂಲದ ಎಂಜಿನಿಯರು, ತಾಯಿ ವಿಕ್ಟೋರಿಯಾ ಭಾರತದಲ್ಲೇ ಹುಟ್ಟಿ ಬೆಳೆದು ಸಂಗೀತ ನೃತ್ಯಗಳನ್ನು ಬಲ್ಲವರು. ಮಗುವಿಗೆ ಆರು ವರ್ಷವಾಗುವಷ್ಟರಲ್ಲಿ, 1879ರಲ್ಲಿ, ಆ ದಾಂಪತ್ಯ ಮುರಿಯಿತು. ತಾಯಿ ಮಗಳನ್ನು ಕರೆದುಕೊಂಡು 1881ರಲ್ಲಿ ಕಾಶಿಗೆ ಬಂದರು, ಇಸ್ಲಾಂ ಮತವನ್ನು ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಗೌಹರ್ ಎಂದರೆ ಪಾರಸಿಯಲ್ಲಿ ರತ್ನ, ಮುತ್ತು. ಜಾನ್ ಎಂದರೆ ಪ್ರಾಣ.

ತಾಯಿ ಸಾಮಾನ್ಯರಲ್ಲ. ಉರ್ದುವಿನಲ್ಲಿ ಕವಿತೆ ಬರೆದು 1886ರಲ್ಲಿ ಸಂಗ್ರಹವನ್ನೇ ಅಚ್ಚುಹಾಕಿಸಿದವರು. ಅದಕ್ಕೆ ಮೊದಲೇ, 1883ರಲ್ಲಿ, ತಾಯಿ ಮಗಳು ಕಲ್ಕತ್ತೆಗೆ ಹೋಗಿದ್ದರು. ಅವಧ ರಾಜ್ಯವನ್ನು ಕಳೆದುಕೊಂಡ ನವಾಬ ವಾಜಿದ್ ಅಲಿ ಷಾ ಆಗ ಕಲ್ಕತ್ತೆಯ ಮಟಿಯಾಬುರ್ಜಿನಲ್ಲಿ ತನ್ನದೊಂದು ಪುಟ್ಟ ಲಖನೌವನ್ನು ಕಟ್ಟಿಕೊಂಡಿದ್ದ. ದೊಡ್ಡ ದೊಡ್ಡ ಉಸ್ತಾದರೂ ನೃತ್ಯಾಚಾರ್ಯರೂ ಅಲ್ಲಿ ನೆರೆದಿದ್ದರು. ಮಲ್ಕಾ ಜಾನರಿಗೆ ಆ ಆಸ್ಥಾನದಲ್ಲಿ ಸ್ಥಾನ ದೊರೆಯಿತು. ಚಿತ್ಪುರ ರಸ್ತೆಯಲ್ಲಿ ಅವರು ಸ್ವಂತ ಮನೆಯನ್ನೇ ಕೊಂಡರು. ಮಗಳಿಗೆ ಖಯಾಲು, ಠುಮ್ರಿಗಳ ಪಾಠ ಒಬ್ಬರಲ್ಲಿ, ಧ್ರುಪದದ ಪಾಠ ಮತ್ತೊಬ್ಬರಲ್ಲಿ, ಬಂಗಾಳಿ ಕೀರ್ತನೆ ಇನ್ನೊಬ್ಬರಲ್ಲಿ. ಕಥಕ್ ನೃತ್ಯ ಲಖನೌವಿನ ಬಿಂದಾದೀನ್ ಮಹಾರಾಜರಲ್ಲಿ. 1887ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ದರ್ಭಂಗದ ಅರಮನೆಯಲ್ಲಿ ಆಕೆಯ ರಂಗಪ್ರವೇಶವಾಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇಂಥ ಗಾಯಕಿಯರನ್ನು ಉತ್ತರದಲ್ಲಿ ತವಾಯಫರೆಂದು ಕರೆಯುತ್ತಿದ್ದರು. ನಮ್ಮ ಕಡೆಯ ದೇವದಾಸಿಯರಿಗೂ ಅವರಿಗೂ ಆಚಾರದಲ್ಲಿ ಭೇದವುಂಟು; ಸಮಾಜ ನೋಡಿದ ನೋಟದಲ್ಲಿ ಭೇದ ಹೆಚ್ಚಿರಲಿಲ್ಲ. ಸಂಸಾರಸ್ಥರ ಮನೆಯ ಹೆಣ್ಣುಮಕ್ಕಳಿಗೆ ಸಂಗೀತವಿಲ್ಲ, ಸಂಗೀತವಿದ್ದವಳಿಗೆ ಸಂಸಾರಸ್ಥರ ಪಂಕ್ತಿಯಿಲ್ಲ ಎಂಬುದು ಆ ಕಾಲದ ಕಟ್ಟು. ದೇಶದ ಹಾಡು, ಕುಣಿತ, ಎಷ್ಟೋ ಮಟ್ಟಿಗೆ ಕವಿತೆ ಕೂಡ ಈ ಹೆಂಗಸರ ಕೈಯಲ್ಲಿ ಉಳಿದು ಬಂದಿತು. ಅವರ ಹಾಡನ್ನು ಕೇಳಬಲ್ಲವರು ಮಾತ್ರ ಕೆಲವರೇ: ರಾಜರು, ಜಮೀನ್ದಾರರು, ಸಾಹುಕಾರರು. ಬೈಠಕ್ಕಿಗೆ ಕರೆಸಬಲ್ಲವರು ಹಾಡು ಕೇಳಿದರು, ಉಳಿದವರು ಬೀದಿಯಲ್ಲಿ ನಿಂತು ಹೆಸರು ಕೇಳಿದರು.

ಈ ಕಟ್ಟನ್ನು ಸಡಿಲಿಸಿದ್ದು ಯಾವ ಸಭೆಯೂ ಅಲ್ಲ, ಯಾವ ಸುಧಾರಕನೂ ಅಲ್ಲ. ಒಂದು ತಗಡಿನ ತುತ್ತೂರಿ. 1902ರ ಅಕ್ಟೋಬರಿನ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪೆನಿಯವರು ಫ್ರೆಡ್ ಗೈಸ್ಬರ್ಗ್ ಎಂಬಾತನನ್ನು ಯಂತ್ರ ಸಾಮಗ್ರಿಗಳೊಡನೆ ಕಲ್ಕತ್ತೆಗೆ ಕಳುಹಿಸಿದರು. ಆತ ಹೋಟೆಲೊಂದರ ಕೋಣೆಗಳಲ್ಲಿ ತನ್ನ ಮುದ್ರಣಾಲಯವನ್ನು ಹೂಡಿದ. ಮೊತ್ತಮೊದಲು ಮುದ್ರಿತವಾದದ್ದು ಗೌಹರ್ ಜಾನರ ದನಿಯೇ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ನವೆಂಬರ್ 8ರಂದು ಬಂಗಾಳಿ ರಂಗಭೂಮಿಯ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಹುಡುಗಿಯರು ಹಾಡಿದ್ದರು. ಗೌಹರ್ ಜಾನ್ ಬಂದದ್ದು ಮೂರು ದಿನಗಳ ಮೇಲೆ, ನವೆಂಬರ್ 11ರಂದು. ಆ ಹುಡುಗಿಯರ ಹಾಡು ಪ್ರಯೋಗವೆನ್ನಿಸಿತು; ಗೌಹರ್ ಜಾನರದು ವ್ಯಾಪಾರವೆನ್ನಿಸಿತು. ಆಗ ಆಕೆಗೆ ಇಪ್ಪತ್ತೊಂಬತ್ತು ವರ್ಷ. ಪ್ರತಿ ಸಲ ಬಂದಾಗಲೂ ಹೊಸ ಉಡುಪು, ಒಮ್ಮೆ ತೊಟ್ಟ ಒಡವೆಯನ್ನು ಮತ್ತೊಮ್ಮೆ ತೊಟ್ಟವರಲ್ಲ, ತಮ್ಮ ಹಾಡಿನ ಬೆಲೆ ಎಷ್ಟೆಂಬುದನ್ನು ಚೆನ್ನಾಗಿ ಬಲ್ಲವರು ಎಂದು ಗೈಸ್ಬರ್ಗ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ.

ಇಂದಿನ ಧ್ವನಿಮುದ್ರಣವನ್ನು ಕಣ್ಣ ಮುಂದಿಟ್ಟುಕೊಂಡು ನೀವು ಆ ಕೋಣೆಯನ್ನು ಊಹಿಸಬಾರದು. ಮೈಕಿಲ್ಲ, ವಿದ್ಯುತ್ತಿಲ್ಲ. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ದನಿಯ ಅಲೆ ತುತ್ತೂರಿಯ ಕಿರಿದಾದ ತುದಿಯಲ್ಲಿರುವ ತೆಳುವಾದ ಬಿಲ್ಲೆಯನ್ನು ನಡುಗಿಸುತ್ತದೆ. ಬಿಲ್ಲೆಗೆ ತಗುಲಿದ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತದೆ. ಮೆಲ್ಲಗೆ ಹಾಡಿದರೆ ಗೀರು ಮೂಡದು. ಹಠಾತ್ತನೆ ಕೂಗಿದರೆ ಮುಳ್ಳು ಹಾರೀತು. ತಲೆಯನ್ನು ಅತ್ತಿತ್ತ ಆಡಿಸುವಂತಿಲ್ಲ, ಕೈಬೀಸಿ ಭಾವ ತೋರುವಂತಿಲ್ಲ. ಎಲ್ಲಕ್ಕಿಂತ ಕಷ್ಟದ ಮಾತೆಂದರೆ ಕಾಲ. ತಟ್ಟೆಯಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷ. ಇಡೀ ಇರುಳು ಬೆಳೆಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಮಡಿಸಬೇಕು. ಅನೇಕ ಉಸ್ತಾದರು ಇದು ವಿದ್ಯೆಗೆ ಅಪಚಾರವೆಂದು ದೂರ ಉಳಿದರು. ಗೌಹರ್ ಜಾನ್ ಅದನ್ನು ಒಂದು ಹೊಸ ಛಂದಸ್ಸೆಂದು ತಿಳಿದರು. ಆಲಾಪನೆಯನ್ನು ಮೊಟಕುಮಾಡಿ ನೇರವಾಗಿ ಚೀಜಿಗೆ ಬರುವುದು, ಸಾಹಿತ್ಯವನ್ನು ಒಂದೆರಡು ಬಗೆಯಲ್ಲಿ ಬೆಳಗಿಸುವುದು, ಕೊನೆಗೆ ಮಿಂಚಿನ ತಾನುಗಳನ್ನು ಎಸೆದು ಮುಗಿಸುವುದು: ಹೀಗೆ ಅವರು ಕಟ್ಟಿಕೊಟ್ಟ ಹದ ಮುಂದೆ ಎಷ್ಟೋ ಗಾಯಕರಿಗೆ ಮೇಲ್ಪಂಕ್ತಿಯಾಯಿತು. ಕಂದಪದ್ಯದ ನಾಲ್ಕು ಪಾದಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಿದ ನಮ್ಮ ಕವಿಗಳಿಗೆ ಈ ಕಟ್ಟುಪಾಡಿನ ಸುಖವೂ ಸಂಕಟವೂ ತಿಳಿದಿತ್ತು.

ಹಾಡಿನ ಕೊನೆಗೆ ಹೆಸರು ಹೇಳುವುದಕ್ಕೆ ಕಾರಣವೇನು? ಕಾರಣ ಬಲು ಸರಳವಾದದ್ದು. ಕಲ್ಕತ್ತೆಯಲ್ಲಿ ಕೊರೆದ ಮೇಣದ ಮೂಲಪ್ರತಿಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಅಲ್ಲಿ ತಟ್ಟೆಗಳನ್ನು ಒತ್ತಿಸುತ್ತಿದ್ದರು. ಅಲ್ಲಿಯ ಕೆಲಸಗಾರರಿಗೆ ಠುಮ್ರಿಯೂ ಒಂದೇ, ದಾದ್ರಾವೂ ಒಂದೇ. ಯಾವ ಮೇಣ ಯಾರದೆಂದು ತಪ್ಪದೆ ತಿಳಿದು ಚೀಟಿ ಅಂಟಿಸಲೆಂದು ಹಾಡಿದವರೇ ಹೆಸರು ಹೇಳಲಿ ಎಂಬ ಏರ್ಪಾಟು. ಗೌಹರ್ ಜಾನ್ ಒಬ್ಬರೇ ಅಲ್ಲ, ಆ ಕಾಲದ ಇನ್ನೂ ಕೆಲವರು ಹಾಗೆ ಹೇಳಿದ್ದಾರೆ. ಆದರೆ ಆಕೆ ಹೇಳಿದ ರೀತಿಯೇ ಬೇರೆ. ಕೆಲಸಗಾರನಿಗೆ ಗುರುತು ಹೇಳಿದಂತಿಲ್ಲ, ಜಗತ್ತಿಗೇ ತಿಳಿಸಿದಂತಿದೆ.

ತಟ್ಟೆಗಳು 1903ರಲ್ಲಿ ಭಾರತಕ್ಕೆ ಮರಳಿ ಬಂದವು. ಚೀಟಿಯ ಮೇಲೆ ಕಲ್ಕತ್ತೆಯ ಪ್ರಥಮ ನರ್ತಕಿ ಎಂಬ ಒಕ್ಕಣೆ. ಒಕ್ಕಣೆ ಬರೆದವನಿಗೆ ಆಕೆ ನರ್ತಕಿ. ತಟ್ಟೆಯ ಒಳಗಿನ ದನಿ ಆ ಮಾತನ್ನು ತೆಗೆದುಹಾಕಿ ಬರಿಯ ಹೆಸರನ್ನು ಹೇಳಿತು. ಮುಂದೆ 1908ರ ವೇಳೆಗೆ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆ ಒತ್ತುವ ಕಾರ್ಖಾನೆಯೇ ಆಯಿತು. ತಟ್ಟೆಗೆ ಬೇಕಾದ ಮುಖ್ಯ ಸಾಮಗ್ರಿ ನಮ್ಮ ದೇಶದ ಕಾಡುಮರಗಳಲ್ಲಿ ಸಿಗುವ ಅರಗು. ಭಾರತ ಓದಿದವರಿಗೆ ಅರಗೆಂದೊಡನೆ ನೆನಪಾಗುವುದು ಪಾಂಡವರನ್ನು ಸುಡಲೆಂದು ಕಟ್ಟಿದ ಮನೆ. ಈ ಅರಗು ಸುಡಲಿಲ್ಲ, ಉಳಿಸಿತು. 1902ರಿಂದ 1920ರವರೆಗೆ ಗೌಹರ್ ಜಾನ್ ಹಾಡಿದ ತಟ್ಟೆಗಳು ಸುಮಾರು 600. ಹಿಂದುಸ್ಥಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಅರಬ್ಬಿ, ಪಾರಸಿ, ಇಂಗ್ಲಿಷು, ಫ್ರೆಂಚು, ಹೀಗೆ ಹತ್ತಕ್ಕೂ ಮೀರಿದ ಭಾಷೆಗಳು. ಆಕೆಯ ಚಿತ್ರವನ್ನು ಆಸ್ಟ್ರಿಯ ದೇಶದ ಬೆಂಕಿಪೆಟ್ಟಿಗೆಗಳ ಮೇಲೆ ಅಚ್ಚುಹಾಕಿ ಮಾರಿದರು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ದಿಲ್ಲಿ ದರ್ಬಾರು ನಡೆದಾಗ ಅಲಹಾಬಾದಿನ ಜಾನಕೀಬಾಯಿಯೊಡನೆ ಹಾಡುವ ಗೌರವ ಆಕೆಗೆ ದೊರೆಯಿತು. ಬೆಕ್ಕಿನ ಸಂಭ್ರಮಕ್ಕೆ ಸಾವಿರಾರು ರೂಪಾಯಿ ಸುರಿದರೆಂಬ ಕಥೆಗಳೂ ಉಂಟು. ಐಶ್ವರ್ಯದ ಸುತ್ತ ಇಂಥ ಕಥೆಗಳು ಬೆಳೆಯುವುದು ಸಹಜ, ಅವುಗಳನ್ನು ಇಲ್ಲಿಗೆ ಬಿಡೋಣ.

ತಟ್ಟೆ ಮಾಡಿದ ದೊಡ್ಡ ಕೆಲಸ ಬೇರೆ. ಬೈಠಕ್ಕಿನ ಹಾಡನ್ನು ಅದು ಬಡಾವಣೆಯ ಮನೆಗೆ ತಂದಿತು. ತವಾಯಫರ ಬೀದಿಗೆ ಕಾಲಿಡಲೊಲ್ಲದ ಗೃಹಸ್ಥನೂ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ನಡುಮನೆಯಲ್ಲಿ ತುತ್ತೂರಿ ಹಾಡಿತು. ಅಡಿಗೆಮನೆಯ ಬಾಗಿಲ ಮರೆಯಲ್ಲಿ ಹೆಂಗಸರು ನಿಂತು ಕೇಳಿದರು. ನಮ್ಮಜ್ಜಿಯೂ ಹಾಗೆ ಕೇಳಿದವಳೇ. ರುಬ್ಬುವ ಕಲ್ಲಿನ ಮುಂದೆ ಕುಳಿತಾಗ ಆ ಮಟ್ಟನ್ನು ಗುನುಗುತ್ತಿದ್ದಳಂತೆ. ಮಾವನವರು ನಡುಮನೆಯಲ್ಲಿ ಕೆಮ್ಮಿದರೆ ಗುನುಗು ನಿಲ್ಲುತ್ತಿತ್ತಂತೆ. ಹಾಡಿಗೆ ಬಾಗಿಲು ತೆರೆದಿತ್ತು, ಹಾಡುವುದಕ್ಕೆ ತೆರೆದಿರಲಿಲ್ಲ.

ಈಗ ನಾನು ಕನ್ನಡ ಪಾಠ ಹೇಳುವವನಾಗಿ ಒಂದು ಮಾತು ಸೇರಿಸಬೇಕು. ವಚನವಾಗಲಿ, ಕೀರ್ತನೆಯಾಗಲಿ, ಕೊನೆಗೊಂದು ಅಂಕಿತ ಬರುತ್ತದೆಂಬುದು ನಿಮಗೆ ತಿಳಿದದ್ದೇ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರವಿಠಲ. ಅಂಕಿತವಿಲ್ಲದಿದ್ದರೆ ಎಷ್ಟೋ ವಚನಗಳು ಯಾರವೆಂದು ಇಂದು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಅವರು ಇಟ್ಟದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಹೆಸರನ್ನು. ಭಕ್ತಿಯ ದಾರಿಯಲ್ಲಿ ಅದು ತಕ್ಕದ್ದೇ. ಗೌಹರ್ ಜಾನರ ಅಂಕಿತದಲ್ಲಿ ದೈವವಿಲ್ಲ, ಒಡೆಯನಿಲ್ಲ, ಗಂಡನಿಲ್ಲ, ತಂದೆಯಿಲ್ಲ. ಇದನ್ನು ಅಹಂಕಾರವೆಂದು ಕರೆಯುವವರು ಮುಂದಿನ ಸಂಗತಿಯನ್ನು ಕೇಳಿ ಆಮೇಲೆ ತೀರ್ಮಾನಿಸಬೇಕು.

1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಮನೆಯಲ್ಲಿ ಬೆಳೆದಿದ್ದ ಸೇವಕಿಯ ಮಗನೊಬ್ಬ, ತಾನೇ ಮಲ್ಕಾ ಜಾನರ ಹೊಟ್ಟೆಯ ಮಗ, ಆಸ್ತಿ ತನ್ನದು ಎಂದು ನ್ಯಾಯಾಲಯಕ್ಕೆ ಹೋದ. ದೇಶದ ಅಂಗಡಿಬೀದಿಗಳಲ್ಲೆಲ್ಲ ಹೆಸರು ಮೊಳಗುತ್ತಿದ್ದ ಗಾಯಕಿ ಈಗ ತಾನು ಯಾರ ಮಗಳೆಂಬುದನ್ನು ಸಾಕ್ಷಿ ಹಾಕಿಸಿ ರುಜುಪಡಿಸಬೇಕಾಯಿತು. ಆರನೆಯ ವಯಸ್ಸಿನಲ್ಲಿ ಬಿಟ್ಟುಹೋಗಿದ್ದ ತಂದೆಯನ್ನು ಹುಡುಕಿಸಿದರು. ಆ ತಂದೆ ಮಗಳ ಪರವಾಗಿ ನುಡಿಯಲು ಮೊದಲು ಹಣ ಕೇಳಿದ. ಕೊನೆಗೆ ಆತ ಸಾಕ್ಷ್ಯ ನುಡಿದ; ಮಗಳು ಮಗಳೆಂದು ನಿರ್ಣಯವಾಯಿತು. ಈ ದಾವೆ ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು. ತನ್ನ ಕಾರ್ಯದರ್ಶಿಯಾಗಿದ್ದು ಬಾಳಸಂಗಾತಿಯೂ ಆದವನೊಡನೆ ಆಸ್ತಿಯ ವ್ಯಾಜ್ಯ ಹುಟ್ಟಿತು. ಕಲ್ಕತ್ತೆಯ ಮನೆಮಾರುಗಳು, ಒಡವೆ, ಕುದುರೆಗಾಡಿ ಒಂದೊಂದಾಗಿ ಕೈಬಿಟ್ಟವು. ಆಕೆ ಎಷ್ಟೋ ಊರು ಅಲೆದರು.

ಕಾಲವೂ ಬದಲಾಗಿತ್ತು. 1925ರಿಂದೀಚೆಗೆ ತುತ್ತೂರಿಯ ಜಾಗಕ್ಕೆ ಮೈಕು ಬಂದಿತು. ಮೆಲುದನಿಯವರೂ ಈಗ ತಟ್ಟೆಗೆ ಹಾಡಬಹುದು. ತುತ್ತೂರಿಯ ಬಾಯಿಗೆ ದನಿ ಕೊಟ್ಟು ಹೊಸ ವಿದ್ಯೆಯನ್ನು ನೆಲೆಗೊಳಿಸಿದ ಗಾಯಕಿ ಹಳಬರ ಸಾಲಿಗೆ ಸೇರಿದರು.

ಹೀಗಿರುವಾಗ ಮೈಸೂರಿನ ಬಾಗಿಲು ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಸ್ವತಃ ಹಲವು ವಾದ್ಯಗಳನ್ನು ಬಲ್ಲ ದೊರೆ. ಮೈಸೂರಿನ ಅರಮನೆಯೆಂದರೆ ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ವಾಸುದೇವಾಚಾರ್ಯರು ಎಂದು ನಾವು ನೆನೆಯುತ್ತೇವೆ, ಅದು ಸರಿಯೇ. ಆದರೆ ಆ ಅರಮನೆ ಹಿಂದುಸ್ಥಾನಿಯನ್ನೂ ಪಾಶ್ಚಾತ್ಯ ವಾದ್ಯವೃಂದವನ್ನೂ ಅಷ್ಟೇ ಪ್ರೀತಿಯಿಂದ ಸಾಕಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಇದೇ ಆಸ್ಥಾನದಲ್ಲಿದ್ದವರು. ಸಿತಾರಿನ ಬರ್ಕತುಲ್ಲಾ ಖಾನರೂ ಇಲ್ಲಿಯ ವಿದ್ವಾಂಸರು. ಅಬ್ದುಲ್ ಕರೀಂ ಖಾನರು ಇಲ್ಲಿಗೆ ಬಂದು ಕರ್ನಾಟಕ ಸಂಗೀತದ ಸೊಬಗನ್ನು ಒಲಿದು ತಮ್ಮ ಹಾಡಿಕೆಗೆ ತೆಗೆದುಕೊಂಡವರು. ಆ ಸಾಲಿಗೆ ಗೌಹರ್ ಜಾನ್ ಬಂದರು. 1928ರ ಆಗಸ್ಟ್ 1ರಿಂದ ಆಕೆಗೆ ಅರಮನೆಯ ಗಾಯಕಿಯ ನೇಮಕ. ತಿಂಗಳಿಗೆ 500 ರೂಪಾಯಿ ಸಂಬಳ. ವಾಸಕ್ಕೆ ದಿಲ್‌ಖುಷ್ ಕಾಟೇಜು. ಆಗ ವಯಸ್ಸು ಐವತ್ತೈದು.

ದಿಲ್‌ಖುಷ್ ಎಂದರೆ ಮನಸ್ಸಿಗೆ ಹರ್ಷ. ಹೆಸರಿನಲ್ಲಿದ್ದ ಹರ್ಷ ಅಲ್ಲಿ ವಾಸವಾಗಿದ್ದವರಿಗೆ ಹೆಚ್ಚು ಕಾಲ ದೊರೆಯಲಿಲ್ಲ. ದೇಹ ಬಳಲಿತ್ತು, ಹಳೆಯ ವ್ಯಾಜ್ಯಗಳ ನೆರಳು ಮೈಸೂರಿನವರೆಗೂ ಬಂದಿತ್ತು, ಸುತ್ತಲಿನ ಭಾಷೆ ಪರಭಾಷೆ. ಹತ್ತು ಭಾಷೆಗಳಲ್ಲಿ ಹಾಡಿದವರಿಗೆ ಇದು ಮತ್ತೊಂದು ಹೊಸ ಭಾಷೆಯ ಊರು. ಒಂದೂವರೆ ವರ್ಷ ತುಂಬುವಷ್ಟರಲ್ಲಿ, 1930ರ ಜನವರಿ 17ರಂದು, ಗೌಹರ್ ಜಾನ್ ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ತನ್ನವರೆಂಬವರು ಹತ್ತಿರ ಇರಲಿಲ್ಲ.

ಮತ್ತೆ ಐದು ವರ್ಷ ಕಳೆದಿದ್ದರೆ! 1935ರಲ್ಲಿ ಇದೇ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು. ಅದಕ್ಕೆ ಬಂದ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ದೇಶದ ರೇಡಿಯೋ ಸ್ವೀಕರಿಸಿತು. ತುತ್ತೂರಿಯ ಮುಂದೆ ಹೆಸರು ಹೇಳಿದ ದನಿ ಮೈಸೂರಿನ ಆಕಾಶದಲ್ಲೂ ಒಮ್ಮೆ ಹೆಸರು ಹೇಳಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ಚರಿತ್ರೆ ನಮ್ಮ ಹಂಬಲವನ್ನು ಕೇಳಿ ನಡೆಯುವುದಿಲ್ಲ.

ಗೌಹರ್ ಜಾನ್ ಉತ್ತರದಿಂದ ಮೈಸೂರಿಗೆ ಬಂದರೆ, ಅವರಿಗಿಂತ ಐದು ವರ್ಷಕ್ಕೆ ಕಿರಿಯರಾದ ಇನ್ನೊಬ್ಬ ರತ್ನ ಮೈಸೂರು ಸೀಮೆಯಿಂದ ಹೊರಕ್ಕೆ ಹೋದರು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ವಿಷಯ ನೀವು ಕೇಳಿಯೇ ಇರುತ್ತೀರಿ. ದೇವದಾಸಿ ಮನೆತನದವರು, ಸಂಸ್ಕೃತ ಕನ್ನಡ ತೆಲುಗುಗಳನ್ನು ಬಲ್ಲವರು, ಅವರೂ ತಟ್ಟೆಗಳಿಗೆ ಹಾಡಿದರು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ರಾಧಿಕಾ ಸಾಂತ್ವನಮು ಎಂಬ ತೆಲುಗು ಕಾವ್ಯದ ಅಚ್ಚಿನ ಪ್ರತಿಯನ್ನು ನೋಡಿದಾಗ, ಕವಯಿತ್ರಿ ತನ್ನ ವಂಶವನ್ನು ತಾನೇ ಹೇಳಿಕೊಂಡ ಪೀಠಿಕೆಯ ಭಾಗವನ್ನೇ ಸಂಪಾದಕರು ತೆಗೆದುಹಾಕಿದ್ದಾರೆಂದು ನಾಗರತ್ನಮ್ಮನವರಿಗೆ ಗೊತ್ತಾಯಿತು. ಮೂಲವನ್ನು ಹುಡುಕಿ, ಬಿಟ್ಟದ್ದನ್ನು ಸೇರಿಸಿ, 1910ರಲ್ಲಿ ತಾವೇ ಪ್ರಕಟಿಸಿದರು. ಅಶ್ಲೀಲವೆಂಬ ಕಾರಣ ಕೊಟ್ಟು ಸರ್ಕಾರ ಅದನ್ನು ನಿಷೇಧಿಸಿತು. ದಶಕಗಳ ಮೇಲೆ ನಿಷೇಧ ತೆರವಾಯಿತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿದವರೂ ಅವರೇ. 1952ರಲ್ಲಿ ಅಲ್ಲೇ ದೇಹವಿಟ್ಟರು. ಒಬ್ಬರು ತಮ್ಮ ಹೆಸರನ್ನು ತಟ್ಟೆಯಲ್ಲಿ ಕೊರೆದರು, ಇನ್ನೊಬ್ಬರು ಅಳಿಸಿದ್ದ ಸೋದರಿಯ ಹೆಸರನ್ನು ಮತ್ತೆ ಬರೆದರು. ಎರಡೂ ಒಂದೇ ಕೆಲಸ.

ನಮ್ಮ ಉತ್ತರ ಕರ್ನಾಟಕದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಧಾರವಾಡದ ಬೀದಿಯಲ್ಲಿ ಗ್ರಾಮಫೋನಿನ ಸದ್ದು ಕೇಳಿದರೆ ಮನೆಬಿಟ್ಟು ಓಡುತ್ತಿದ್ದುದನ್ನು ನೆನೆಸಿಕೊಂಡಿದ್ದಾರೆ. ಹಾಗೆ ಓಡಿದ ಹುಡುಗಿಯೇ 1930ರ ದಶಕದ ಮೊದಲಲ್ಲಿ ಮುಂಬಯಿಗೆ ಹೋಗಿ ತಟ್ಟೆಗಳಿಗೆ ಹಾಡಿದರು. ಚೀಟಿಯ ಮೇಲೆ ಬಂದ ಹೆಸರು ಮಾತ್ರ ಗಾಂಧಾರಿ ಹುಬ್ಬಳ್ಳಿ ಎಂದು. ಗಂಗೂಬಾಯಿ ಹಾನಗಲ್ ಎಂಬ ಹೆಸರು ತನ್ನದಾಗಿ ನಿಲ್ಲುವುದಕ್ಕೆ ಮತ್ತೆ ಕೆಲವು ವರ್ಷ ಬೇಕಾಯಿತು. ನಮ್ಮ ಗುಬ್ಬಿಯ ಕಡೆ ನೋಡಿದರೂ ಅದೇ. 1884ರಲ್ಲಿ ಹುಟ್ಟಿದ ನಾಟಕ ಕಂಪೆನಿಯಲ್ಲಿ ಮೊದಲೆಲ್ಲ ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದರು. ವೀರಣ್ಣನವರ ಕಾಲದಲ್ಲಿ ಹೆಂಗಸರು ರಂಗಕ್ಕೆ ಬಂದರು, ಬಿ. ಜಯಮ್ಮನಂಥವರು ತಮ್ಮ ಹೆಸರಿನಿಂದಲೇ ಊರೂರಿಗೆ ಪರಿಚಿತರಾದರು. ಗೌಹರ್ ಜಾನರೊಬ್ಬರಿಂದಲೇ ಇದೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಹೆಣ್ಣು ದನಿಗೆ ಮನೆಯ ಕಿವಿಯನ್ನು ಹದಮಾಡಿದವರಲ್ಲಿ ಅವರು ಮೊದಲಿಗರು ಎನ್ನುವುದಕ್ಕೆ ಅಡ್ಡಿಯಿಲ್ಲ.

ಆಕೆಯ ಬಾಳಿನ ವಿವರಗಳು ಬಹುಕಾಲ ದಂತಕಥೆಗಳ ಅಡಿಯಲ್ಲಿ ಮುಚ್ಚಿಹೋಗಿದ್ದವು. ಮೈಸೂರು ಅರಸರ ಚರಿತ್ರೆಯನ್ನು ಬರೆಯಲು ಹಳೆಯ ದಫ್ತರುಗಳನ್ನು ಶೋಧಿಸುತ್ತಿದ್ದ ವಿಕ್ರಂ ಸಂಪತ್ತರಿಗೆ ಅರಮನೆಯ ಕಾಗದಗಳ ನಡುವೆ ಗೌಹರ್ ಜಾನರಿಗೆ ಸಂಬಂಧಿಸಿದ ಪತ್ರಗಳು ಸಿಕ್ಕವು. ಆ ಎಳೆ ಹಿಡಿದು ಕಲ್ಕತ್ತೆಯ ನ್ಯಾಯಾಲಯದ ದಾಖಲೆಗಳವರೆಗೂ ಹೋಗಿ ಅವರು ಬರೆದ ಇಂಗ್ಲಿಷ್ ಗ್ರಂಥ 2010ರಲ್ಲಿ ಪ್ರಕಟವಾಯಿತು. ಸಂಬಳದ ಲೆಕ್ಕ ಬರೆದಿಟ್ಟ ಗುಮಾಸ್ತನೊಬ್ಬನ ಕೈಬರಹವೂ ಚರಿತ್ರೆಗೆ ಹೇಗೆ ಒದಗುತ್ತದೆ ನೋಡಿ! ಕಲ್ಕತ್ತೆ ಮರೆತಿದ್ದ ಹೆಸರನ್ನು ಮೈಸೂರಿನ ಕಡತ ಕಾಪಾಡಿತು.

ಇನ್ನು ನಮ್ಮಜ್ಜಿಯ ಮಾತು ಹೇಳಿ ಮುಗಿಸುತ್ತೇನೆ. ಊರಿಗೆಲ್ಲ ಅವಳು ದೊಡ್ಡಮ್ಮ, ತಾತನಿಗೆ "ಇವಳೆ", ನಮಗೆ ಅಜ್ಜಿ. ಅವಳ ಹೆಸರೇನೆಂದು ನನಗೆ ತಿಳಿದದ್ದು ಪಡಿತರ ಚೀಟಿಯಲ್ಲಿ ಓದಿದಾಗ. ಆಗ ನಾನು ಪ್ರೌಢಶಾಲೆಯಲ್ಲಿದ್ದೆ. ಆ ತಟ್ಟೆಯ ಮಾತಿನ ಅರ್ಥ ನನಗೆ ತಿಳಿದ ಮೇಲೆ ಒಂದು ದಿನ ಅವಳ ಬಳಿ ಕುಳಿತು ಹೇಳಿದೆ: "ಅಜ್ಜಿ, ಅವಳು ಹೋಗಿ ಬರ್ತೀನಿ ಅಂತಿಲ್ಲ. ತನ್ನ ಹೆಸರು ಹೇಳ್ತಿದಾಳೆ." ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. "ಯಾರೂ ಕೇಳದೇನೇ ಹೇಳ್ತಾಳೇನೋ?" ಎಂದಳು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ಸಲ ಹಾಕು, ಕೇಳಾಣ" ಎಂದಳು. ಕೀಲಿ ಕೊಟ್ಟು ಹಾಕಿದೆ. ಕೊನೆಯ ಮಾತು ಬರುವವರೆಗೂ ಅವಳು ಎಲೆ ಬಾಯಿಗೆ ಹಾಕಲಿಲ್ಲ.

ಗ್ರಾಮಫೋನಿನ ತಂತಿ ಈಗ ತುಂಡಾಗಿದೆ. ತಟ್ಟೆ ನನ್ನ ಬಳಿ ಭದ್ರವಾಗಿದೆ. ಇಂದು ಸಂಜೆ ನಿಮ್ಮ ರೇಡಿಯೋದಲ್ಲಿ ಹಾಡು ಮುಗಿದಾಗ ಒಲೆಯ ಮೇಲಿನ ಹಾಲನ್ನು ಒಂದು ಗಳಿಗೆ ಇಳಿಸಿಡಿ. ಉದ್ಘೋಷಕರು ಹೆಸರು ಹೇಳುತ್ತಾರೆ. ಅದನ್ನೂ ಕೇಳಿಸಿಕೊಂಡು ಏಳಿ.